ಅಮ್ಮನ ಎಡಗಡೆ

ನಮ್ಮಮ್ಮನ ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ. ಬಲಕ್ಕೆ ತಿರುಗುತ್ತದೆ, ಮೇಲಕ್ಕೆ ಏಳುತ್ತದೆ, ಯಾರ ಮುಂದೆಯೂ ತಗ್ಗುವ ಅಭ್ಯಾಸವಂತೂ ಅದಕ್ಕೆ ಮೊದಲಿನಿಂದಲೂ ಇಲ್ಲ. ಎಡಕ್ಕೆ ಮಾತ್ರ ಹಟ ಹಿಡಿದು ನಿಂತುಬಿಟ್ಟಿದೆ. ಮೂಳೆ ಸವೆದಿದೆ, ಇನ್ನು ಇಷ್ಟೇ ಎಂದು ಹೇಳಿ ಡಾಕ್ಟರು ಕೈ ತೊಳೆದುಕೊಂಡರು. ಬೇರೆ ಕೆಲಸದವಳಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಅಮ್ಮ ಫೆರಿ ನಡೆಸುತ್ತಾಳೆ. ನದಿ ಸಮುದ್ರ ಸೇರುವ ಕಡೆ, ಈ ದಡದಿಂದ ಆ ದಡಕ್ಕೆ ಜನರನ್ನೂ ಸೈಕಲ್ಲುಗಳನ್ನೂ ದಾಟಿಸುವ ಅಗಲ ಹೊಟ್ಟೆಯ ದೋಣಿ ಅದು. ಚುಕ್ಕಾಣಿ ಕ್ಯಾಬಿನ್ ಇರುವುದು ಬಲ ಅಂಚಿನಲ್ಲಿ. ಎಡಗಡೆ ನೀರಿನಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಕುತ್ತಿಗೆ ಬೇಕೇ ಬೇಕು.

ಸ್ವಲ್ಪ ಕಾಲ ಅಮ್ಮ ಬೀರು ಸರಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು. ಆಗ ಮುಂದಿನದು ತಪ್ಪಿಹೋಗುತ್ತಿತ್ತು. ಬಂದರಿನ ಕಚೇರಿಗೆ ಯಾರೋ ಹೋಗಿ ಊದಿದರು. ಕಚೇರಿಯವರು ಖಡಾಖಂಡಿತವಾಗಿ ಹೇಳಿಬಿಟ್ಟರು: ಎಡಗಡೆ ಕಾಣುವಂತೆ ದೋಣಿಯ ಹೊರಮೈಗೆ ಕ್ಯಾಮೆರಾ ಹಾಕಿ, ಅದರ ಪರದೆಯನ್ನು ಕ್ಯಾಬಿನ್ನಿನಲ್ಲಿಡಿ, ನಮ್ಮವರು ಬಂದು ನೋಡಿ ಒಪ್ಪಿದರೆ ಸರಿ, ಇಲ್ಲವಾದರೆ ಚುಕ್ಕಾಣಿ ಬಿಡಿ.

"ಬಿಡಲ್ಲ" ಅಂದಳು ಅಮ್ಮ. ಅಷ್ಟೇ. ಆಮೇಲೆ ನನ್ನ ಮುಖ ನೋಡಿದಳು, ಅದೂ ಬಲಗಡೆಯಿಂದ ಸುತ್ತಿ ಬಂದು.

ನಾನು ದೋಣಿ ರಿಪೇರಿ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವಳು. ಅಮ್ಮನ ಹಟದಲ್ಲಿ ಅರ್ಧ ನನಗೆ ಬಂದಿದೆ, ಕೋಪ ಪೂರ್ತಿ ಬಂದಿದೆ. ಚುಕ್ಕಾಣಿ ಇಲ್ಲದ ಅಮ್ಮ ಮನೆಯಲ್ಲಿ ಕೂತು ಕಿಟಕಿಯಿಂದ ಯಾರ ಯಾರದೋ ದೋಣಿ ನೋಡುವುದನ್ನು ನೆನೆಸಿಕೊಳ್ಳಲೂ ನನಗೆ ಆಗುತ್ತಿರಲಿಲ್ಲ. ಅವಳು ಚುಕ್ಕಾಣಿ ಬಿಡುವುದು ನನ್ನ ಕೈಯಲ್ಲಿ ಸಾಮಾನು ಇರುವವರೆಗೆ ಆಗದ ಮಾತು ಎಂದು ಅವತ್ತೇ ನಿಶ್ಚಯ ಮಾಡಿಕೊಂಡೆ.

ಕ್ಯಾಮೆರಾ ಕೊಂಡು ತರುವುದೇನು, ಅಂಗಡಿಗೆ ಹೋದರೆ ಸಿಗುತ್ತದೆ. ದೋಣಿಯ ಹೊರಗೆ ಅದನ್ನು ಬದುಕಿಸಿಕೊಳ್ಳುವುದರಲ್ಲಿದೆ ಕಷ್ಟ. ಮೊದಲನೆಯದನ್ನು ಗಟ್ಟಿ ಉಕ್ಕಿನ ಬ್ರಾಕೆಟ್ಟಿಗೆ ಕೂರಿಸಿ, ಆನೆ ಬಂದು ಎಳೆದರೂ ಬರಬಾರದು ಎಂಬಂತೆ ಬೆಸೆದೆ. ಆನೆ ಬರಲಿಲ್ಲ, ಜೆಟ್ಟಿ ಬಂತು. ದಡದ ಜೆಟ್ಟಿ ಕಟ್ಟೆಗೆ ತಾಗುವಾಗ ದೋಣಿ ಯಾವಾಗಲೂ ಅಲ್ಲಿ ತೂಗುಹಾಕಿದ ಹಳೆ ಟಯರುಗಳಿಗೆ ಮೈ ಉಜ್ಜಿಕೊಂಡೇ ನಿಲ್ಲುವುದು. ಹೊರಗೆ ಚಾಚಿಕೊಂಡಿದ್ದ ಕ್ಯಾಮೆರಾ ಮೊದಲ ದಿನವೇ ಅಪ್ಪಚ್ಚಿಯಾಯಿತು.

"ನಿನ್ನ ವೆಲ್ಡಿಂಗ್ ಮಾತ್ರ ಸೂಪರ್" ಅಂದ ಗೊಣಗು ಮಾವ. ಅವನು ಅಮ್ಮನ ತಮ್ಮ, ದೋಣಿಯ ಇಂಜಿನ್ ನೋಡಿಕೊಳ್ಳುತ್ತಾನೆ. "ಕ್ಯಾಮೆರಾ ಹೋಯ್ತು, ಬ್ರಾಕೆಟ್ ಅಲ್ಲಾಡಿಲ್ಲ ನೋಡು."

"ಮಾವ, ನೀನು ನಿನ್ನ ಇಂಜಿನ್ ಜೊತೆ ಮಾತಾಡ್ಕೋ ಹೋಗು."

ಬೈದೆನಾದರೂ ಅವನು ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತು. ಗಟ್ಟಿಯಾಗಿ ನಿಂತದ್ದೇ ತಪ್ಪಾಗಿತ್ತು. ಬಸ್ಸಿನಲ್ಲಿ ಜನ ನುಗ್ಗಿದಾಗ ನಾವು ಮೊಣಕೈ ಒಳಗೆ ಎಳೆದುಕೊಳ್ಳುವುದಿಲ್ಲವೇ, ಹಾಗೆ ಮಡಚಿಕೊಳ್ಳಬೇಕು. ಬ್ರಾಕೆಟ್ಟಿಗೆ ಕೀಲು ಹಾಕಿ ಸ್ಪ್ರಿಂಗ್ ಕೊಟ್ಟೆ. ಟಯರು ತಾಗಿದರೆ ಕ್ಯಾಮೆರಾ ದೋಣಿಯ ಮೈಗೆ ಒರಗಿಕೊಳ್ಳುತ್ತದೆ, ದೋಣಿ ದಡ ಬಿಟ್ಟ ಕೂಡಲೇ ಮತ್ತೆ ಹೊರಗೆ ಬರುತ್ತದೆ. ವೈರು ಸವೆಯದಂತೆ ರಬ್ಬರ್ ಕೊಳವೆಯೊಳಗೆ ಹಾಯಿಸಿದೆ. ಎರಡನೆಯ ಕ್ಯಾಮೆರಾ ಜೆಟ್ಟಿಗೆ ಬಲಿಯಾಗಲಿಲ್ಲ. ಅದು ಸತ್ತದ್ದು ಒಳಗಿನಿಂದ. ಸೆಕೆಯ ಮಧ್ಯಾಹ್ನ ಡಬ್ಬಿ ಮುಚ್ಚಿ ಒಂದು ತೊಟ್ಟು ನೀರೂ ಹೋಗದಂತೆ ಬಿಗಿದಿದ್ದೆ. ಆ ಸೆಕೆಯ ಗಾಳಿ ಒಳಗೇ ಉಳಿದು, ಬೆಳಗಿನ ತಂಪಿಗೆ ಹನಿಯಾಗಿ ಗಾಜಿಗೆ ಹಿಡಿದುಕೊಂಡಿತು. ಹೊರಗಿನ ನೀರು ತಡೆಯಲು ಹೋಗಿ ಒಳಗಿನ ನೀರನ್ನು ಬೀಗ ಹಾಕಿ ಕಾದಿದ್ದೆ. ಮೂರನೆಯದನ್ನು ಒಣ ಹವೆಯ ದಿನ ಮುಚ್ಚಿದೆ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ತೇವ ಹೀರುವ ಹರಳಿನ ಪೊಟ್ಟಣವನ್ನೂ ಒಳಗಿಟ್ಟೆ. ಮುಂದೆ ಗುಂಡನೆಯ ಪ್ಲಾಸ್ಟಿಕ್ ಗುಮ್ಮಟ ಕೂರಿಸಿದೆ, ಅಲೆ ಬಡಿದರೂ ನೀರು ಜಾರಿಹೋಗಲಿ ಎಂದು.

ಅದು ಚೆನ್ನಾಗಿ ನಡೆಯಿತು. ದಿನಾ ಶೆಡ್ಡಿನ ಕೆಲಸ ಮುಗಿಸಿ ಸಂಜೆ ದೋಣಿಗೆ ಹೋಗಿ ಪರದೆ ನೋಡುತ್ತಿದ್ದೆ. ಎಡಗಡೆಯ ನೀರು, ಹಕ್ಕಿ, ತೇಲುವ ಬಾಟಲಿ, ಎಲ್ಲ ಕಾಣುತ್ತಿತ್ತು. ಅಮ್ಮ ಪರದೆಯ ಮೇಲೆ ಬೆರಳಿಟ್ಟು, "ಇದು ಆ ಕಡೆ ಮನೆಯವರ ಬಾತುಕೋಳಿ" ಎಂದು ಗುರುತು ಹಿಡಿಯುತ್ತಿದ್ದಳು. ನಾನು ಜಂಬದಿಂದ ಕಚೇರಿಗೆ ಹೇಳಿ ಕಳಿಸಿದೆ.

ಪರೀಕ್ಷೆಗೆ ಬಂದದ್ದು ಕೊಡೆ ಸಾಹೇಬರು. ಬಿಸಿಲಿರಲಿ, ಮೋಡವಿರಲಿ, ಕೈಯಲ್ಲಿ ಕಪ್ಪು ಕೊಡೆ ತಪ್ಪದ ಕಾರಣ ಬಂದರಿನಲ್ಲಿ ಅವರಿಗೆ ಅದೇ ಹೆಸರು. ಬೆಳಗಿನ ಮೊದಲ ಟ್ರಿಪ್ಪಿಗೇ ಬಂದರು. ದೋಣಿ ತುಂಬ ಕೆಲಸಕ್ಕೆ ಹೊರಟ ಜನ. ಸಾಹೇಬರು ಅಮ್ಮನ ಪಕ್ಕ ನಿಂತು ಪರದೆಯ ಮೇಲೆ ಕಣ್ಣಿಟ್ಟರು. ನಾನು ಕ್ಯಾಬಿನ್ ಬಾಗಿಲಲ್ಲಿ ನಿಂತೆ. ದೋಣಿ ಜೆಟ್ಟಿ ಬಿಟ್ಟು ಸ್ವಲ್ಪ ತಿರುಗಿತು. ಎಡಗಡೆ, ನೀರಿನ ಮಟ್ಟಕ್ಕೇ, ಸೂರ್ಯ ಆಗಷ್ಟೇ ಎದ್ದಿದ್ದ. ಪರದೆ ಪೂರ್ತಿ ಬೆಳ್ಳಗಾಯಿತು.

ನೀರಿಲ್ಲ, ಹಕ್ಕಿಯಿಲ್ಲ. ಹಾಲು ಚೆಲ್ಲಿದ ಹಾಗೆ ಬರೀ ಬಿಳಿ.  ಅಮ್ಮ ಸ್ವಲ್ಪ ದೂರ ಹಾಗೇ ನಡೆಸಿಬಿಡಲಿ, ಕೋನ ಬದಲಾದರೆ ಸರಿಹೋಗುತ್ತದೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇಷ್ಟು ವರ್ಷ ದಾಟಿದ ನೀರು, ಅವಳು ಕಣ್ಣು ಮುಚ್ಚಿಯೂ ದಾಟಬಲ್ಲಳು. ಅಮ್ಮ ಗಂಟೆ ಬಾರಿಸಿ ಮಾವನಿಗೆ ಇಂಜಿನ್ ನಿಲ್ಲಿಸಲು ಹೇಳಿದಳು. ದೋಣಿ ನಡುನೀರಿನಲ್ಲಿ ನಿಂತಿತು.

"ಯಾಕೆ ನಿಲ್ಲಿಸಿದ್ರಿ?" ಎಂದರು ಸಾಹೇಬರು.

"ಎಡಗಡೆ ಕಾಣ್ತಿಲ್ಲ."

"ಇದು ಪರೀಕ್ಷೆ ಅಂತ ಗೊತ್ತಲ್ವಾ ನಿಮಗೆ?"

"ಗೊತ್ತು ಸರ್. ಕಾಣ್ದೆ ನಾನು ನಡೆಸಲ್ಲ."

ಜನ ಗುಜುಗುಜು ಶುರುಮಾಡಿದರು, ಕೆಲಸಕ್ಕೆ ತಡವಾಯಿತು ಎಂದು ಯಾರೋ ಗೊಣಗಿದರು. ನನಗೆ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ, ಸೂರ್ಯನ ಮೇಲೆಯೇ ಇರಬೇಕು. ಸಾಹೇಬರ ಕೈಯಿಂದ ಕೊಡೆ ಕಿತ್ತುಕೊಂಡು ಎಡ ಅಂಚಿಗೆ ಓಡಿದೆ. ಕಂಬಿಯ ಮೇಲೆ ಹೊಟ್ಟೆ ಊರಿ, ಕೆಳಗೆ ಬಾಗಿ, ಕ್ಯಾಮೆರಾಕ್ಕೆ ನೆರಳು ಹಿಡಿದೆ. ಬಗ್ಗಿದಾಗಲೇ ಕಂಡದ್ದು: ದೋಣಿಯ ಮಗ್ಗುಲಲ್ಲೇ ಒಂದು ಪುಟ್ಟ ಹುಟ್ಟುದೋಣಿ. ಒಬ್ಬ ಮುದುಕ ಬಲೆ ಸುತ್ತಿಕೊಳ್ಳುತ್ತಾ ನಮ್ಮ ದಾರಿಗೆ ಅಡ್ಡ ಬರುತ್ತಿದ್ದ. ಅವನು ತಲೆಯೆತ್ತಿ ಕೊಡೆ ಹಿಡಿದ ನನ್ನನ್ನು ನೋಡಿದ, ಹುಚ್ಚು ಹೆಂಗಸು ಅಂದುಕೊಂಡಿರಬೇಕು, ನಿಧಾನವಾಗಿ ಹುಟ್ಟು ಹಾಕಿಕೊಂಡು ದಾಟಿಹೋದ.  ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು ನಡೆದಿದ್ದರೆ ಆ ಮುದುಕ ನಮ್ಮ ದೋಣಿಯ ಅಡಿಯಲ್ಲಿರುತ್ತಿದ್ದ.

ಕೊಡೆಯ ನೆರಳಿನಲ್ಲಿ ಪರದೆ ತಿಳಿಯಾದ ಮೇಲೆ ಅಮ್ಮ ಮತ್ತೆ ದೋಣಿ ಹೊರಡಿಸಿದಳು. ಆ ದಡ ಮುಟ್ಟಿದ ಮೇಲೆ ಸಾಹೇಬರು ಕೊಡೆ ವಾಪಸು ಇಸಿದುಕೊಂಡರು.

"ನನ್ನ ಕೊಡೆ ಹಿಡ್ಕೊಂಡು ಕ್ಯಾಮೆರಾ ಪಾಸಾಗಕ್ಕಾಗಲ್ಲಮ್ಮ" ಎಂದರು ನನಗೆ. ಆಮೇಲೆ ಅಮ್ಮನ ಕಡೆ ನೋಡಿ, "ನೀವು ನಿಲ್ಲಿಸದೇ ಇದ್ದಿದ್ರೆ ಇವತ್ತೇ ಲೈಸೆನ್ಸ್ ತಗೊಂಡು ಹೋಗ್ತಿದ್ದೆ. ಸೋಮವಾರ ಇದೇ ಹೊತ್ತಿಗೆ ಇನ್ನೊಂದ್ಸಲ ಬರ್ತೀನಿ. ಅದೇ ಕೊನೆ. ಅಲ್ಲೀವರೆಗೆ ಜನರನ್ನ ಹತ್ತಿಸ್ಬೇಡಿ" ಎಂದರು.

ಗುಮ್ಮಟ ಬಿಚ್ಚಿಕೊಂಡು ಮನೆಗೆ ಬಂದು ಅಡುಗೆಮನೆಯ ದೀಪದ ಕೆಳಗೆ ಹಿಡಿದೆ. ನೇರವಾಗಿ ನೋಡಿದರೆ ಏನೂ ಇಲ್ಲ. ಓರೆಯಾಗಿ ಹಿಡಿದಾಗ ಮೈತುಂಬ ಕೂದಲೆಳೆಯಂಥ ಗೀರುಗಳು. ಸಂಜೆ ಸೂರ್ಯ ಕ್ಯಾಮೆರಾದ ಬೆನ್ನಿಗಿರುತ್ತಿದ್ದ, ಬೆಳಗಿನ ಹೊತ್ತು ಅಷ್ಟು ದಿನವೂ ಮೋಡವಿತ್ತು, ಅದಕ್ಕೇ ಯಾರಿಗೂ ಕಂಡಿರಲಿಲ್ಲ. ಬೆಳಗಿನ ಓರೆ ಬಿಸಿಲು ಆ ಗೀರುಗಳಿಗೆಲ್ಲ ಬೆಂಕಿ ಹಚ್ಚಿದ ಹಾಗೆ ಮಾಡಿತ್ತು. ಗೀರುಗಳು ಅಡ್ಡಾದಿಡ್ಡಿ ಇರಲಿಲ್ಲ. ಸುತ್ತ ಸುತ್ತ, ಸುರುಳಿ ಸುರುಳಿಯಾಗಿದ್ದವು. ಇದು ಅಲೆಯ ಕೆಲಸವಲ್ಲ, ಕೈಯ ಕೆಲಸ. ಯಾರೋ ಒರೆಸಿದ್ದಾರೆ. ಒಣಗಿದ ಉಪ್ಪನ್ನು ಒಣ ಬಟ್ಟೆಯಲ್ಲಿ ಒರೆಸುವುದೆಂದರೆ ಮರಳುಕಾಗದ ತಗೊಂಡು ಉಜ್ಜಿದಂತೆಯೇ.

"ಯಾವ ಕೈಗೆ ಬಂದಿತ್ತೋ ರೋಗ, ಅದನ್ನ..." ಎಂದು ಬಾಯಿ ತೆರೆದೆ. ಎದುರಿಗೆ ಅಮ್ಮ ಕೂತು ಕನ್ನಡಕ ಒರೆಸುತ್ತಿದ್ದಳು. ಹಳೆ ಬನಿಯನ್ ಬಟ್ಟೆಯಲ್ಲಿ, ಸುತ್ತ ಸುತ್ತ.

ನಾನು ಗುಮ್ಮಟ ಅವಳ ಮುಂದಿಟ್ಟೆ. ಅವಳು ನೋಡಿದಳು, ನನ್ನ ಮುಖ ನೋಡಿದಳು, ಬಟ್ಟೆ ನೋಡಿದಳು.

"ದಿನಾ ಬೆಳಿಗ್ಗೆ ಒರೆಸ್ತಿದ್ದೆ" ಅಂದಳು. "ನೀನು ಅಷ್ಟು ಕಷ್ಟಪಟ್ಟು ಮಾಡಿದ್ದು. ಉಪ್ಪು ಹಿಡ್ಕೊಂಡಿದ್ರೆ ನನಗೆ ನೋಡಕ್ಕಾಗ್ತಿರ್ಲಿಲ್ಲ."

ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡೆ. ನುಂಗಲು ಸುಲಭವಾಗಿರಲಿಲ್ಲ. ನನ್ನ ಕೆಲಸವನ್ನು ಇಷ್ಟು ಜೋಪಾನ ಮಾಡಿದವರು ಇನ್ನೊಬ್ಬರಿಲ್ಲ. ಆ ಜೋಪಾನವೇ ಅವಳ ಚುಕ್ಕಾಣಿಯನ್ನು ಕಳೆಯುವುದರಲ್ಲಿತ್ತು. ಅಮ್ಮ ಬಟ್ಟೆಯನ್ನು ಮಡಚಿ ಮಡಚಿ ಚಿಕ್ಕದು ಮಾಡಿದಳು. ಅವಳು ಸೋತ ಮುಖ ಮಾಡಿದ್ದನ್ನು ನಾನು ನೋಡಿದ್ದು ಅವತ್ತೇ.

"ಏಳಮ್ಮ" ಅಂದೆ. "ಸೋಮವಾರಕ್ಕೆ ಇನ್ನೂ ಟೈಮಿದೆ. ಮಾವನ್ನ ಕರಿ."

ಗುಮ್ಮಟವನ್ನು ಎಸೆದು, ಅದರ ಜಾಗಕ್ಕೆ ಚಪ್ಪಟೆ ಗಾಜು ಹಾಕಿದೆ. ಗೀರಾದರೆ ಸ್ಕ್ರೂ ಬಿಚ್ಚಿ ಬೇರೆ ಗಾಜು ಹಾಕಿದರಾಯಿತು. ಕೊಡೆ ಸಾಹೇಬರ ಕೊಡೆಯಿಂದ ಕಲಿತದ್ದನ್ನೂ ಬಿಡಲಿಲ್ಲ. ಸ್ಟೀಲ್ ತಗಡು ಬಗ್ಗಿಸಿ, ಗಾಜಿನ ಸುತ್ತ ಟೋಪಿಯ ಅಂಚಿನ ಹಾಗೆ ನೆರಳು ಮಾಡಿದೆ, ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆ. ಮಾವ ಒಂದು ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ತಂದ. ಅದರಲ್ಲಿ ಸಿಹಿನೀರು. ಉಪ್ಪು ಕೂತರೆ ನೀರು ಬಿಟ್ಟು ಕರಗಿಸುವುದು, ತಾನಾಗಿ ಇಳಿದುಹೋಗಲು ಬಿಡುವುದು, ಕೈ ಹಚ್ಚುವಂತಿಲ್ಲ. ಅಮ್ಮನಿಗೆ ಇದು ಕುತ್ತಿಗೆ ನೋವಿಗಿಂತ ದೊಡ್ಡ ಶಿಕ್ಷೆ. ನೀರು ಹಾಕಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ನಾವು ಮೂವರೂ ದಿನಾ ಸೂರ್ಯ ಏಳುವ ಹೊತ್ತಿಗೆ ಖಾಲಿ ದೋಣಿ ಹೊರಡಿಸಿ ಅದೇ ತಿರುವಿನಲ್ಲಿ ಹೋಗಿ ಬಂದೆವು. ಪರದೆಯ ಮೂಲೆಯಲ್ಲಿ ಬೆಳಕು ಸ್ವಲ್ಪ ಇಣುಕಿದರೆ ಟೋಪಿಯನ್ನು ಬೆರಳಗಲ ಉದ್ದ ಮಾಡಿದೆ. ಮತ್ತೆ ಹೋದೆವು.

ಸೋಮವಾರ ಸಾಹೇಬರು ಬಂದರು. ಈ ಸಲ ಕೊಡೆಯನ್ನು ನನ್ನಿಂದ ದೂರದ ಕೈಯಲ್ಲಿ ಹಿಡಿದಿದ್ದರು. ದೋಣಿ ತಿರುವಿಗೆ ಬಂತು, ಸೂರ್ಯ ಕ್ಯಾಮೆರಾಕ್ಕೆ ನೇರ ಎದುರಾದ, ಪರದೆಯಲ್ಲಿ ನೀರು ನೀರಾಗಿಯೇ ಉಳಿಯಿತು.  ನಡುನೀರು ದಾಟಿದ ಮೇಲೆ ಸಾಹೇಬರು, ಹೊರಗಿನದನ್ನೂ ಒಮ್ಮೆ ನೋಡಿಬಿಡುತ್ತೇನೆ ಎಂದು ಎಡ ಅಂಚಿಗೆ ನಡೆದರು. ನಾನು ಅವರ ಹಿಂದೆ ಹೋದೆ. ಕಂಬಿ ಹಿಡಿದು ಬಾಗಿ, ಕೀಲು ಅಲ್ಲಾಡಿಸಿ ನೋಡಿದರು, ಟೋಪಿ ಮುಟ್ಟಿ ನೋಡಿದರು. ಗಾಜಿನ ಮೇಲೆ ಆಗಷ್ಟೇ ಒಣಗಿದ ಒಂದು ಉಪ್ಪಿನ ಚುಕ್ಕೆ ಇತ್ತು. ಅವರು ಜೇಬಿನಿಂದ ಕರವಸ್ತ್ರ ತೆಗೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಯಾಬಿನ್ನಿನಿಂದ ಅಮ್ಮನ ದನಿ ಬಂತು.

"ಸರ್, ಒರೆಸ್ಬೇಡಿ. ಮೊದ್ಲು ನೀರು."

ಸಾಹೇಬರ ಕೈ ಹಾಗೇ ನಿಂತಿತು. ಅವರು ತಿರುಗಿ ಕ್ಯಾಬಿನ್ ಕಡೆ ನೋಡಿದರು. ಅಮ್ಮ ಚುಕ್ಕಾಣಿ ಹಿಡಿದು ನೆಟ್ಟಗೆ ಮುಂದಕ್ಕೆ ನೋಡುತ್ತಾ ನಿಂತಿದ್ದಳು. ಕುತ್ತಿಗೆ ಕೂದಲಷ್ಟೂ ಅಲುಗಿರಲಿಲ್ಲ.

"ನಾನು ಒರೆಸ್ತಿದ್ದೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಎಡಕ್ಕೆ ನೋಡಿದ್ನಲ್ಲ ಸರ್" ಅಂದಳು ಅಮ್ಮ.

ಸಾಹೇಬರು ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡು, ನೀರಿನ ಬಾಟಲಿಗಾಗಿ ನನ್ನ ಕಡೆ ಕೈ ಚಾಚಿದರು.