ಮೂರನೇ ಖಂಡದ ಹೊತ್ತಿಗೆ

ಕೊಡ್ಲಿಪೇಟೆ ಬಸ್ ನಿಲ್ದಾಣದ ಹಿಂದಿರುವ ಶರ್ಮಿಳಾಳ ಟೈಲರಿಂಗ್ ಅಂಗಡಿಯಲ್ಲಿ ಆ ಮಧ್ಯಾಹ್ನ ಒಂದು ರವಿಕೆಯೂ ಮುಂದಕ್ಕೆ ಹೋಗಲಿಲ್ಲ. ಹೊಲಿಗೆ ಮೆಷೀನಿಗೆ ಮೊಬೈಲ್ ಒರಗಿಸಿಕೊಂಡು ಮೂವರು ವಿಧಾನಸಭೆ ನೋಡುತ್ತ ಕುಳಿತಿದ್ದರು: ಶರ್ಮಿಳಾ, ಅವಳ ಅತ್ತೆ ಗುರುಸಿದ್ದಮ್ಮ, ನೆರೆಮನೆಯ ಮಲ್ಲಪ್ಪ.

ಗುರುಸಿದ್ದಮ್ಮನ ಕೈಯಲ್ಲಿ ತನ್ನದೇ ಬಟನ್ ಫೋನಿತ್ತು. ಅದನ್ನು ಸೆರಗಿನಲ್ಲಿ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಬೆಳಗಿನಿಂದ ನಡೆದಿತ್ತು. ನಡೆಯದೆ ಏನು ಮಾಡೀತು? ಅವರದೂ ಸೇರಿ ಹದಿನಾರು ಮನೆಗಳು ನಿಂತಿರುವುದು ಪೈಸಾರಿಯಲ್ಲಿ. ಸರ್ಕಾರಿ ಜಾಗಕ್ಕೆ ಕೊಡಗಿನವರು ಹೇಳುವುದೇ ಹಾಗೆ. ಗೋಡೆ ಎದ್ದು ಮೂವತ್ತು ವರ್ಷವಾದರೂ ಹಕ್ಕುಪತ್ರವಿಲ್ಲ. ಈಗ ಅಂಥ ಮನೆಗಳಿಗೆ ಹಕ್ಕು ಕೊಡುವ ವಿಧೇಯಕವೊಂದು ಬಂದಿತ್ತು. ಆದರೆ ಅದರ ಮೂರನೇ ಖಂಡದಲ್ಲಿ ಒಂದು ಮಾತಿತ್ತು: 2012ಕ್ಕೆ ಮೊದಲು ಪಂಚಾಯಿತಿಯ ಮನೆ ನಂಬರು ಸಿಕ್ಕಿರಬೇಕು. ಪಂಚಾಯಿತಿಯವರು ಈ ಹದಿನಾರು ಬಾಗಿಲಿಗೆ ನಂಬರಿನ ತಗಡು ಹೊಡೆದದ್ದು 2014ರಲ್ಲಿ. ಆ ಹನ್ನೆರಡು ಹದಿನೈದಾದರೆ ಮನೆ ಉಳಿಯಿತು. ಇಲ್ಲವಾದರೆ, ಹಕ್ಕಿಲ್ಲದವರು ಎಂದು ಸರ್ಕಾರವೇ ಬರೆದುಕೊಟ್ಟ ಹಾಗೆ.

ಆ ಒಂದು ಅಂಕಿ ಬದಲಿಸುವ ತಿದ್ದುಪಡಿಗೆ ನೋಟೀಸು ಕೊಟ್ಟಿದ್ದವನು ಈ ಕಡೆಯ ಎಮ್ಮೆಲ್ಲೆ ಮಂಜೇಶ. ಊರಿಗೆ ಅವನು ಎಮ್ಮೆಲ್ಲೆ, ಗುರುಸಿದ್ದಮ್ಮನಿಗೆ ಹಾಸ್ಟೆಲಿನ ಹುಡುಗ. ಶನಿವಾರಸಂತೆಯ ಹಾಸ್ಟೆಲಿನಲ್ಲಿ ಅವಳು ಅಡುಗೆ ಮಾಡುತ್ತಿದ್ದಾಗ ಐದು ವರ್ಷ ಅವಳ ಕೈಯ ಮುದ್ದೆ ಉಂಡವನು. ಪರೀಕ್ಷೆಯ ದಿನಗಳಲ್ಲಿ ಪುಸ್ತಕದ ಮೇಲೇ ತೂಕಡಿಸುತ್ತಿದ್ದವನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದವಳೂ ಅವಳೇ. ಇವತ್ತಿಗೂ ಯಾರ ಫೋನು ಬಿಟ್ಟರೂ ಅವಳ ಫೋನು ಬಿಡುವವನಲ್ಲ.

"ಮಂತ್ರಿಗಳು ಒಳಗೊಳಗೇ ಒಪ್ಪವ್ರಂತೆ," ಎಂದ ಮಲ್ಲಪ್ಪ. ವಿಧಾನಸೌಧದಲ್ಲಿ ಇಪ್ಪತ್ತೆಂಟು ವರ್ಷ ದಲಾಯತನಾಗಿ ಕಡತ ಹೊತ್ತವನು. ಆ ಕಟ್ಟಡದ ವಿಷಯ ಬಂದರೆ ಅವನನ್ನು ಮೀರಿ ಮಾತಾಡುವವರು ಊರಲ್ಲಿಲ್ಲ. "ಆದ್ರೆ ನೋಟೀಸ್ ಕೊಟ್ರಷ್ಟೇ ಸಾಲ್ದು ಕಣಮ್ಮ. ಸಭಾಧ್ಯಕ್ಷರು ಹೆಸ್ರು ಕರ್ದಾಗ ಸೀಟಲ್ಲಿದ್ದು, ಎದ್ದು ಹೇಳ್ಬೇಕು."

"ಇಲ್ದೋದ್ರೆ?"

"ಇಲ್ದೋದ್ರೆ ತಿದ್ದುಪಡಿ ಸತ್ತಂಗೆ. ಖಂಡ ಇದ್ದಂಗೇ ಪಾಸು."

"ಸ್ವಲ್ಪ ಹೊತ್ತು ಕಾಯಾಕಿಲ್ವಾ?"

"ಕಾಯಕೆ ಅದೇನ್ ಕೊಡ್ಲಿಪೇಟೆ ಬಸ್ಸಾ? ಚರ್ಚೆ ಮೂರು ಗಂಟೆ, ಖಂಡಗಳು ಮೂರು ನಿಮಿಷ. ನೋವು ರಾತ್ರಿಯೆಲ್ಲ ತಿಂದ್ರೂ ಕೂಸು ಬರೋದು ಒಂದೇ ಗಳಿಗೇಲಿ ಅಲ್ವಾ, ಹಂಗೆ."

ಶರ್ಮಿಳಾ ನಕ್ಕಳು. "ನೀವೆಷ್ಟು ಹೆತ್ತಿದ್ದೀರಿ ಮಾವ?"

ಗುರುಸಿದ್ದಮ್ಮನಿಗೆ ನಗು ಬರಲಿಲ್ಲ. ಪರದೆಯಲ್ಲಿ ಮಂತ್ರಿಗಳು ಚರ್ಚೆಗೆ ಉತ್ತರ ಹೇಳುತ್ತಿದ್ದರು. ಕ್ಯಾಮೆರಾ ಸಾಲುಗಳ ಮೇಲೆ ಹಾಯ್ದು ಬಲಗಡೆಯ ಮೂಲೆಗೆ ಬಂತು. ಬಿಳಿ ಅಂಗಿ, ಮುಂದೆ ಉದುರಿದ ಕೂದಲು. ಮಂಜೇಶ! ತಲೆ ಎದೆಗೆ ಬಾಗಿತ್ತು. ಅಲುಗಾಟವೇ ಇಲ್ಲ.

"ಅಯ್ಯೋ ಶಿವನೇ, ನಿದ್ದೆ ಹೊಡೀತಾವ್ನೆ!"

"ಅಷ್ಟು ದೂರದಿಂದ ಹೆಂಗೆ ಗೊತ್ತಾಯ್ತದೆ ಅತ್ತೆ?"

"ನಂಗೊತ್ತಿಲ್ವಾ ಅವ್ನ ಕತ್ತು? ಉಂಡ್ಮೇಲೆ ಅವ್ನು ಹಿಂಗೇ."

ಕ್ಯಾಮೆರಾ ಬೇರೆ ಕಡೆ ತಿರುಗಿತು. ಮಂತ್ರಿಗಳು ಕುಳಿತರು. ಸಭಾಧ್ಯಕ್ಷರು ಕಾಗದ ಎತ್ತಿಕೊಂಡರು. ಗುರುಸಿದ್ದಮ್ಮನ ಹೆಬ್ಬೆರಳು ತನ್ನಷ್ಟಕ್ಕೆ ಎರಡನೇ ಬಟನ್ನನ್ನು ಒತ್ತಿ ಹಿಡಿದಿತ್ತು. ಅದು ಮಂಜೇಶನ ನಂಬರಿಗೆಂದೇ ಶರ್ಮಿಳಾ ಇಟ್ಟುಕೊಟ್ಟಿದ್ದ ಬಟನ್.

"ಯಾರಿಗಮ್ಮ ಮಾಡ್ತಿದೀಯ? ಒಳಗೆ ಫೋನು ಎತ್ತಂಗಿಲ್ಲ!" ಮಲ್ಲಪ್ಪ ಅರ್ಧ ಎದ್ದ.

"ಎತ್ತೋದು ಬ್ಯಾಡ. ಜೇಬಲ್ಲಿ ನಡುಗಿದ್ರೆ ಸಾಕು, ಎಚ್ಚರಾಯ್ತದೆ."

ಎರಡು ರಿಂಗು, ಮೂರು ರಿಂಗು, ನಾಲ್ಕು. ಆಮೇಲೆ ಏದುಸಿರಿನ ದನಿಯೊಂದು ಕಿವಿಗೆ ಬಿತ್ತು.

"ಅವ್ವ? ಏನಾಯ್ತವ್ವ? ಯಾರಿಗೇನಾಯ್ತು?"

"ಯಾರ್ಗೂ ಏನಿಲ್ಲ ಮಗ. ನಿದ್ದೆ ಹೋಗಿದ್ದೆಯಲ್ಲ, ಎಬ್ಸನ ಅಂತ..."

"ನಿದ್ದೆ ಅಲ್ಲವ್ವ, ತಿದ್ದುಪಡಿ ಓದ್ಕತಾ ಇದ್ದೆ. ನೀನು ಯಾವತ್ತೂ ಈ ಹೊತ್ತಲ್ಲಿ ಮಾಡವ್ಳಲ್ಲ ಅಂತ ಗಾಬ್ರಿಯಾಗಿ ಸಭೆಯಿಂದ ಹೊರಗೆ ಮೊಗಸಾಲೆಗೆ ಓಡ್ಬಂದೆ."

ಗುರುಸಿದ್ದಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. ಅವನ ಬೆನ್ನ ಹಿಂದೆ ಮೊಗಸಾಲೆಯ ಸ್ಪೀಕರಿನಲ್ಲಿ ಸಭೆ ಕೇಳಿಸುತ್ತಿತ್ತು: "ಖಂಡ ಮೂರು. ತಿದ್ದುಪಡಿ, ಶ್ರೀ ಮಂಜೇಶ್ ಅವರು. ಶ್ರೀ ಮಂಜೇಶ್? ಸದಸ್ಯರು ಹಾಜರಿಲ್ಲ. ತಿದ್ದುಪಡಿ ಮಂಡನೆಯಾಗಿಲ್ಲ." ಆ ಕಡೆ ಕಾಲುಗಳು ದಡಬಡನೆ ಓಡಿದವು. ಫೋನು ಕಟ್ಟಾಯಿತು.

ಮೊಬೈಲಿನ ಪರದೆ ಹದಿನೈದಿಪ್ಪತ್ತು ಸೆಕೆಂಡು ಹಿಂದಿತ್ತು. ಕಿವಿಯಲ್ಲಿ ಮುಗಿದುಹೋದದ್ದು ಕಣ್ಣೆದುರು ಇನ್ನೂ ಆಗಬೇಕಿತ್ತು. ಪರದೆಗೇ ಕಣ್ಣು ನೆಟ್ಟಿದ್ದ ಮಲ್ಲಪ್ಪ ಖುಷಿಯಿಂದ "ಬಂತು, ಬಂತು, ಖಂಡ ಮೂರು!" ಎನ್ನುತ್ತಿದ್ದ. ಅವಳೊಬ್ಬಳಿಗೇ ಗೊತ್ತಿತ್ತು. ಸಭಾಧ್ಯಕ್ಷರು ಎರಡನೇ ಸಲ ಅದೇ ಹೆಸರು ಕರೆದರು, ಅದೇ ಖಾಲಿ ಸೀಟು ನೋಡಿದರು. "ಖಂಡ ಮೂರರ ಪರವಾಗಿರುವವರು ಹೌದು ಎನ್ನಿ." ಹೌದು ಎಂದವು ಹತ್ತಾರು ದನಿಗಳು. ಹನ್ನೆರಡು ಹನ್ನೆರಡಾಗಿಯೇ ಉಳಿಯಿತು.

ಸಂಜೆ ಕೊಳಾಯಿ ಕಟ್ಟೆಯ ಹತ್ತಿರ ಹದಿನಾರು ಮನೆಯವರೂ ಸೇರಿದ್ದರು. ಸುದ್ದಿ ಗುರುಸಿದ್ದಮ್ಮನಿಗಿಂತ ಮುಂಚೆಯೇ ಬಂದು ಕೂತಿತ್ತು.

"ಕಾಫಿ ಕುಡಿಯಾಕೆ ಹೋಗಿದ್ನಂತೆ ಮಾರಾಯ!" ಬೆಳ್ಳಮ್ಮ ಕೊಡವನ್ನು ಕುಕ್ಕಿದಳು. "ಓಟಿಗೆ ಬರ್ಲಿ, ಈ ನೀರು ಅವ್ನ ತಲೆ ಮೇಲೆ ಹುಯ್ಯದಿದ್ರೆ ಕೇಳು!"

"ಭಾನುವಾರ ಬತ್ತಾನಲ್ಲ, ರಸ್ತೇಲೇ ತಡೀಬೇಕು," ಎಂದ ಗುರುವಪ್ಪ.

ಶರ್ಮಿಳಾ ಅತ್ತೆಯ ಕಡೆ ನೋಡಿ, ನೆಲ ನೋಡಿದಳು. ಮಲ್ಲಪ್ಪನಿಗೆ ಎಂದೂ ಬಾರದ ಕೆಮ್ಮು ಬಂತು. ಅವರಿಬ್ಬರೂ ಬಾಯಿ ಬಿಡುವವರಲ್ಲ ಎಂಬುದು ಗುರುಸಿದ್ದಮ್ಮನಿಗೆ ಗೊತ್ತಿತ್ತು. ಮಂಜೇಶನಂತೂ ಸತ್ತರೂ ಹೇಳುವವನಲ್ಲ. ಸುಮ್ಮನಿದ್ದರೆ ಸುಮ್ಮನೇ ಇರಬಹುದಿತ್ತು. ಆದರೆ ಓಡುವ ಕಾಲುಗಳ ಆ ಸದ್ದು ಕಿವಿಯಿಂದ ಹೋಗಿರಲಿಲ್ಲ.

"ಅವ್ನು ಸೀಟಲ್ಲೇ ಇದ್ದ," ಎಂದಳು. "ಹೊರಗೆ ಕರ್ದವ್ಳು ನಾನು. ಫೋನ್ ಮಾಡ್ದೆ."

ಕೊಳಾಯಿ ನೀರು ಕೊಡ ತುಂಬಿ ಹೊರಗೆ ಹರಿಯಿತು. ಯಾರೂ ನಿಲ್ಲಿಸಲಿಲ್ಲ.

"ನೀನಾ?" ಬೆಳ್ಳಮ್ಮನ ದನಿ ಇಳಿಯಿತು. "ಯಾಕವ್ವ?"

"ಭಯಕ್ಕೆ. ಇನ್ಯಾಕೆ?"

ಬೈದಿದ್ದರೆ ಚೆನ್ನಾಗಿತ್ತು. ಬೆಳ್ಳಮ್ಮ ಸೆರಗಿನ ಗಂಟು ಬಿಚ್ಚಿ ತನ್ನ ಫೋನು ತೋರಿಸಿದಳು. "ನಾನೂ ಬೆಳಿಗ್ಗೆ ಎರಡು ಸಲ ಮಾಡಿದ್ದೆ. ಎತ್ಲಿಲ್ಲ ಅಂತ ಬೈಕಂಡೆ." ಗುರುವಪ್ಪನೂ ಮಾಡಿದ್ದ. ಕೇಳುತ್ತ ಹೋದರೆ ಒಂಬತ್ತು ಮನೆಯವರು ಮಾಡಿದ್ದರು. ಅವನು ಎತ್ತಿದ್ದು ಒಬ್ಬಳದೇ.

ಆಗ ಮಲ್ಲಪ್ಪ ಕೆಮ್ಮು ಬಿಟ್ಟು ಕಟ್ಟೆ ಹತ್ತಿದ. "ಕೇಳ್ರಪ್ಪ. ಕೆಳಮನೆ ಒಂದೇ ಅಲ್ಲ, ಮೇಲ್ಮನೆ ಅಂತ ಒಂದದೆ. ಪರಿಷತ್ತು. ವಿಧೇಯಕ ಶುಕ್ರವಾರ ಅಲ್ಲಿಗೆ ಬತ್ತದೆ. ಅಲ್ಲಿ ಬೇರೆ ಸದಸ್ಯರ ಕೈಲಿ ಇದೇ ತಿದ್ದುಪಡಿ ತರಿಸ್ಬೋದು. ಈಗ್ಲೇ ಮಂಜೇಶ ಅಂಥ ಸದಸ್ಯರೊಬ್ರ ಮನೆ ಬಾಗ್ಲಲ್ಲಿ ನಿಂತವ್ನೆ, ಶರ್ಮಿಳಂಗೆ ಮೆಸೇಜ್ ಹಾಕವ್ನೆ."

"ಅವ್ರೂ ಎದ್ದು ಹೋದ್ರೆ?" ಗುರುವಪ್ಪ ಕೇಳಿದ.

"ಅವ್ರ ನಂಬರ್ ನಿಮ್ಗೆ ಯಾರ್ಗೂ ಗೊತ್ತಿಲ್ವಲ್ಲ. ಅದೇ ಪುಣ್ಯ!"

ಎರಡು ದಿನ ಗುರುಸಿದ್ದಮ್ಮ ಫೋನನ್ನು ಸೆರಗಿನಿಂದ ಬಿಚ್ಚಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ತಾನಾಗಿಯೇ ಹೋಗಿ ತನ್ನ ಫೋನನ್ನು ಮಲ್ಲಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಮನೆಯ ಅಕ್ಕಿ ಡ್ರಮ್ಮಿನೊಳಗೆ ಹುಗಿದಿಟ್ಟು, ಮುಚ್ಚಳ ಹಾಕಿ, ಅಂಗಡಿಗೆ ಬಂದು ಕುಳಿತ. ಇವತ್ತು ಅಂಗಡಿಯೊಳಗೆ ಹದಿನಾರು ಮನೆಯವರೂ ಇದ್ದರು. ಬಾಗಿಲಿನಿಂದ ಬೆಳಕೇ ಬರುತ್ತಿರಲಿಲ್ಲ.

ಖಂಡ ಒಂದು, ಎರಡು. ಸಭಾಪತಿಗಳು ಹೆಸರು ಕರೆದರು. ಗುರುಸಿದ್ದಮ್ಮನ ಖಾಲಿ ಹೆಬ್ಬೆರಳು ಸೆರಗನ್ನು ಒತ್ತಿ ಹಿಡಿದಿತ್ತು. ಒಂದು ಗಳಿಗೆ ಯಾರೂ ಏಳಲಿಲ್ಲ. ಆಮೇಲೆ ಎರಡನೇ ಸಾಲಿನಲ್ಲಿ ಕನ್ನಡಕದ ಹೆಂಗಸೊಬ್ಬರು ಎದ್ದು, ಕಾಗದ ಹಿಡಿದು, ನಿಧಾನವಾಗಿ ಓದಿದರು: ಹನ್ನೆರಡು ಎಂಬುದಕ್ಕೆ ಬದಲಾಗಿ ಹದಿನೈದು. ಮಂತ್ರಿಗಳು "ಒಪ್ಪಿದ್ದೇನೆ" ಎಂದರು. ಹೌದು, ಹೌದು, ಹೌದು.

ಅಂಗಡಿಯಲ್ಲಿ ಕೂಗೆದ್ದಿತು. ಬೆಳ್ಳಮ್ಮ ಗುರುಸಿದ್ದಮ್ಮನನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

"ತಡೀರಿ, ತಡೀರಿ," ಮಲ್ಲಪ್ಪ ಕೈ ಎತ್ತಿದ. "ಪೂರ್ತಿ ಮುಗೀಲಿಲ್ಲ. ಮೇಲ್ಮನೆ ತಿದ್ದಿದ್ದು ವಾಪಸ್ ಕೆಳಮನೆಗೆ ಹೋಗ್ಬೇಕು, ಅವ್ರು ಒಪ್ಬೇಕು. ಸೋಮವಾರ. ಆಮೇಲೆ ರಾಜ್ಯಪಾಲರ ಅಂಕಿತ. ಆಮೇಲೇ ಕಾನೂನು." ಆಮೇಲೆ ನೆನಪಾದವನಂತೆ ಹೇಳಿದ: "ಗುರುಸಿದ್ದಮ್ಮ, ನಡಿ, ಫೋನ್ ತೆಗ್ದು ಕೊಡ್ತೀನಿ."

ಅವಳು ಕಣ್ಣೊರೆಸಿಕೊಂಡಳು.

"ಅಕ್ಕೀಲೇ ಇರ್ಲಿ ಮಲ್ಲಪ್ಪಣ್ಣ. ರಾಜ್ಯಪಾಲರ ಸಯ್ನು ಬೀಳೋಗಂಟ ನನ್ ಕೈಗೆ ಮಾತ್ರ ಕೊಡ್ಬ್ಯಾಡ."