ರಟ್ಟಿನ ಮೇಲಿನ ಕೆಂಪು ಸೊನ್ನೆ

ಕುರ್ಚಿ ಹಿಂದಕ್ಕೆ ಜಾರುತ್ತಿದೆ, ಯಾರೂ ತಳ್ಳಿಲ್ಲ, ಇರುವೆ ನಡೆದಷ್ಟು ಮೆಲ್ಲಗೆ ತಾನಾಗಿಯೇ — ಅವಳು ಕಾಲಿನ ಹೆಬ್ಬೆರಳು ನೆಲಕ್ಕೂರಿ ತಡೆದಳು, ಚಕ್ರದ ಕುರ್ಚಿ ಇದು, ಕೆಳಗೆ ಕಡತದ ಕೋಣೆಯಲ್ಲಿರುವ ಅವಳ ಮರದ ಸ್ಟೂಲು ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಹೀಗೆ ಹೇಳದೆ ಕೇಳದೆ ಹೊರಟದ್ದಿಲ್ಲ, ನೆಲ ತಣ್ಣಗಿದೆಯೋ ಇಲ್ಲವೋ ಹೆಬ್ಬೆರಳಿಗೆ ತಿಳಿಯುತ್ತಿಲ್ಲ, ಹನ್ನೊಂದು ದಿನದಿಂದ ಹಾಗೇ, ಬಿಸಿ ಚಹಾ ಕುಡಿದರೂ ಬಾಯಿಗೆ ಬಿಸಿ ಅನ್ನಿಸದು, ಯಾರದೋ ಬಾಯಿಗೆ ಯಾರೋ ಹೊಯ್ದಂತೆ. ಉದ್ದ ಮೇಜಿನ ಸುತ್ತ ಒಂಬತ್ತು ಜನ, ಅವಳೇ ಕೊನೆಯವಳು, ಬಾಗಿಲ ಹತ್ತಿರ. ಆಸ್ಪತ್ರೆಯಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿಲ್ಲ, ದೊಡ್ಡ ಡಾಕ್ಟರಿಂದ ಹಿಡಿದು ಗುಡಿಸುವವರವರೆಗೆ ಎಲ್ಲರಿಗೂ ಅವಳು ಫೈಲಮ್ಮ. ಬಿಳಿ ಹಲಗೆಯ ಹತ್ತಿರ ನಿಂತಿದ್ದಾಳಲ್ಲ, ಬಟ್ಟೆಯ ಬೂಟು ಹಾಕಿಕೊಂಡ ಹುಡುಗಿ, ಅವಳು ಸಲಹೆಗಾರ್ತಿ, ಎಲ್ಲಿಂದಲೋ ಕರೆಸಿದ್ದಾರೆ, ಆಸ್ಪತ್ರೆಯ ಮಾಹಿತಿಗೆಲ್ಲ ಒಂದು ನೀತಿ ಮಾಡಿಕೊಡಲು, ಯಾವ ಮಾಹಿತಿ ಯಾರದ್ದು, ಯಾರು ಬರೆಯಬೇಕು, ಯಾರು ನೋಡಬಹುದು, ತಪ್ಪಿದ್ದರೆ ಯಾರು ತಿದ್ದಬೇಕು — ಹಲಗೆಯ ಮೇಲೆ ಚೌಕ ಎಳೆದು ಚೌಕದೊಳಗೆ ಬರೆಯುತ್ತಾಳೆ, ಕೈ ಚೆನ್ನಾಗಿದೆ, ಗೆರೆ ನೇರ ಹೋಗುತ್ತದೆ. ಒಬ್ಬೊಬ್ಬರಿಗೂ ಅದೇ ಎರಡು ಪ್ರಶ್ನೆ. ಪ್ರತಿಯೊಂದು ಮಾಹಿತಿಗೂ ಒಬ್ಬರು ಒಡೆಯರು ಇರ್ಬೇಕು, ನಿಮ್ಮ ವಿಭಾಗದಲ್ಲಿ ಯಾರು? ಔಷಧಿ ಕೋಣೆಯವನು ಕಿಸಕ್ಕನೆ ನಕ್ಕ, ಮೇಡಂ, ನಮ್ಮನೇಲಿ ಟಿವಿ ರಿಮೋಟಿಗೆ ಒಡೆಯ ಯಾರು ಅಂತಾನೇ ಇಪ್ಪತ್ತು ವರ್ಷದಿಂದ ತೀರ್ಮಾನ ಆಗಿಲ್ಲ, ಇನ್ನು ಔಷಧಿ ಪಟ್ಟಿಗೆ ನಾನು ಒಡೆಯ ಅಂದ್ರೆ ನನ್ನ ಹೆಂಡ್ತಿ ನಂಬ್ತಾಳಾ — ಎಲ್ಲರೂ ನಕ್ಕರು, ಅವಳ ತುಟಿಯೂ ಅಗಲವಾಯಿತು, ನಗುವ ಜಾಗ ಬಂದಿತಲ್ಲ ಎಂದು. ಸರಿ ಸರ್, ಎರಡನೇದು, ಕಂಪ್ಯೂಟರಿನಲ್ಲಿ ಇಲ್ಲದ್ದು ನಿಮ್ಮ ಹತ್ರ ಏನಾದ್ರೂ ಇದೆಯಾ? ಗೋಡೆಗೆ ಅಂಟಿಸಿದ ಚೀಟಿ, ಯಾರೋ ಒಬ್ಬರಿಗೆ ಮಾತ್ರ ಗೊತ್ತಿರೋ ಗುರುತು, ಏನಾದ್ರೂ? ಇಲ್ಲ ಮೇಡಂ, ಎಲ್ಲಾ ಹತ್ತಿಸಿಬಿಟ್ಟಿದೀವಿ. ಅವನ ತಾಯಿಯ ಕಡತದ ರಟ್ಟಿನ ಮೇಲೂ ಒಂದು ಕೆಂಪು ಸೊನ್ನೆ ಇತ್ತು, ಮೇಲಿನ ಮೂಲೆಯಲ್ಲಿ, ಅವನಿಗೆ ಗೊತ್ತಿಲ್ಲ, ನಗುತ್ತಾ ಪೆನ್ನಿನ ತುದಿ ಕಚ್ಚುತ್ತಿದ್ದಾನೆ.

ಕಿಟಕಿಯಾಚೆ ಹಿತ್ತಿಲಂಗಳ, ನೀಲಿ ಟಾರ್ಪಾಲು ಸರಿಸಿದ್ದಾರೆ, ಅದರಡಿ ರಟ್ಟಿನ ಕಟ್ಟುಗಳು, ಆಳೆತ್ತರ, ಎಲ್ಲ ಅವಳ ಕೈಯಲ್ಲಿ ಸವೆದವು, ಹಳೇ ಕಾಗದದವರ ಲಾರಿ ಬೆಳಿಗ್ಗೆಯೇ ಬಂದು ನಿಂತಿದೆ, ಇಬ್ಬರು ಸಾವಕಾಶವಾಗಿ ಒಳಕ್ಕೆ ಎಸೆಯುತ್ತಿದ್ದಾರೆ, ಒಂದು ಕಟ್ಟು, ಇನ್ನೊಂದು ಕಟ್ಟು, ಶಬ್ದ ಇಲ್ಲಿಗೆ ಕೇಳುವುದಿಲ್ಲ, ಗಾಜು ಮುಚ್ಚಿದೆ. ನಾಳೆ ಕಾಗದದ ಗಿರಣಿ, ನೀರು, ಗಂಜಿಯಂಥ ಮುದ್ದೆ. ಸ್ಕ್ಯಾನು ಮಾಡುವವನು ಹೇಳಿದ್ದ, ಅಮ್ಮಾ, ಒಳಗಿನ ಹಾಳೆ ಸಾಕು, ರಟ್ಟು ದಪ್ಪ, ಪೆಟ್ಟಿಗೇಲಿ ಜಾಗ ತಿನ್ನುತ್ತೆ, ಇದ್ರ ಮೇಲೆ ಹೆಸ್ರು ನಂಬರ್ ಬಿಟ್ರೆ ಏನಾದ್ರೂ ಇದೆಯಾ? ಒಳ್ಳೆಯವನು, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ ಧೂಳಿಗೆ, ಕಣ್ಣು ಮಾತ್ರ ಕಾಣುತ್ತಿತ್ತು, ಕೈಯಲ್ಲಿ ಹಿಡಿದಿದ್ದ ರಟ್ಟಿನ ಮೇಲೆಯೇ ಸೊನ್ನೆ ಇತ್ತು, ಅವನ ಹೆಬ್ಬೆರಳ ಕೆಳಗೆ ಅರ್ಧ ಮುಚ್ಚಿತ್ತು, ಅವಳಿಗೆ ಕಂಡಿತ್ತು. ಇಲ್ಲ, ಅಂದಳು. ಏನೂ ಇಲ್ಲಪ್ಪಾ. ಅಷ್ಟು ಸಲೀಸಾಗಿ ಬಂತು ಬಾಯಿಗೆ. ಮೂವತ್ತು ವರ್ಷದ ಹಿಂದಿನ ಒಂದು ಗದರಿಕೆ ಅದನ್ನು ಹೇಳಿಸಿತು, ಆಗಿನ ದೊಡ್ಡ ಡಾಕ್ಟರು, ಸತ್ತೂ ಎಷ್ಟೋ ವರ್ಷವಾಯಿತು, ಅವರ ಕನ್ನಡಕ ಮೂಗಿನ ತುದಿಯಲ್ಲಿ — ನೋಡಮ್ಮಾ, ಕಡತ ಎತ್ತಿ ಕೊಡೋದು, ತಂದಿಡೋದು, ಇಷ್ಟೇ ನಿನ್ನ ಕೆಲಸ, ರೋಗಿ ಕಾಗದದ ಮೇಲೆ ನೀನು ಒಂದು ಗೀರು ಎಳೆದಿದ್ದು ಕಂಡ್ರೂ ಮಾರನೇ ದಿನ ಮನೇಲಿರ್ತೀಯ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಉತ್ತರಕ್ಕೆ ಮಾತು ಕೂಡಿಸುವಷ್ಟರಲ್ಲಿ ಅವರು ಬಾಗಿಲು ದಾಟಿಯಾಗಿತ್ತು. ಆದರೂ ಎಳೆದಿದ್ದಳು. ತಂಗಿಯಿಂದ ಶುರುವಾದದ್ದು.

ತಂಗಿಗೆ ಆಗ ಹತ್ತೊಂಬತ್ತು, ಗಂಟಲು ಊದಿ ಜ್ವರ ಬಂದು ಇಲ್ಲೇ ಇಂಜೆಕ್ಷನ್ ಕೊಟ್ಟದ್ದು, ಕೊಟ್ಟ ಐದು ನಿಮಿಷಕ್ಕೆ ತುಟಿ ಊದಿ, ಕಣ್ಣು ಮುಚ್ಚಿಹೋಗಿ, ಉಸಿರು ಸೀಟಿ ಹೊಡೆದಂತೆ — ಆ ಹಳೇ ಡಾಕ್ಟರೇ ಓಡಿ ಬಂದು ಉಳಿಸಿದ್ದು, ಗದರಿದ ಬಾಯಿಯೂ ಅದೇ, ಉಳಿಸಿದ ಕೈಯೂ ಅದೇ. ಪೆನಿಸಿಲಿನ್ ಆಗಲ್ಲ ಎಂದು ಕಾಗದದಲ್ಲಿ ಬರೆದರು. ಬರೆದ ಕಾಗದ ಒಳಗೆ ಹೋಯಿತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಇನ್ನೊಂದು, ಮಾರನೆ ವರ್ಷ ಕಾಲಿಗೆ ಗಾಯವಾಗಿ ಬಂದಾಗ ಸಿಸ್ಟರು ಮೇಲಿನ ಹಾಳೆ ಮಾತ್ರ ನೋಡಿ ಅದೇ ಮದ್ದು ಸೂಜಿಗೆ ಎಳೆದಿದ್ದರು, ಅವಳು ಅಲ್ಲೇ ಇದ್ದಳು, ಕಡತ ತಂದುಕೊಟ್ಟವಳೇ ಅವಳು, ಸಿಸ್ಟರ ಕೈ ಹಿಡಿದುಬಿಟ್ಟಳು. ಆ ಸಂಜೆ ಕಡತದ ಕೋಣೆಯಲ್ಲಿ ಒಬ್ಬಳೇ ಕೂತು, ಬರೀ ಕೈಯಲ್ಲಿ ದುಂಡಗೆ ಬರುವುದಿಲ್ಲ, ಗೋಂದಿನ ಬಾಟಲಿಯ ಮುಚ್ಚಳ ಕಂಡಿತು, ಅದನ್ನು ರಟ್ಟಿನ ಮೂಲೆಗಿಟ್ಟು ಸುತ್ತ ಕೆಂಪು ಪೆನ್ಸಿಲು ಆಡಿಸಿದಳು, ಒಂದು ಸುತ್ತು ಮುಗಿಯಬೇಕು ಅನ್ನುವಾಗ ಮೊನೆ ಮುರಿಯಿತು, ಕೆಳಗಡೆ ಅಕ್ಕಿಕಾಳಿನಷ್ಟು ಗೆರೆ ಕೂಡಲೇ ಇಲ್ಲ. ಒಳಗೆ ಉಳಿದ ಮೊಂಡು ಮೊನೆಯಲ್ಲಿ ಪೆ ಎಂದು ಬರೆದಳು. ನಾಳೆ ಕೂಡಿಸಿದರಾಯಿತು ಅಂದುಕೊಂಡಳು. ಕೂಡಿಸಲಿಲ್ಲ. ಆಮೇಲೆ ಒಂದೊಂದಾಗಿ, ಕಡತ ಒರೆಸಿಡುವಾಗ ಒಳಗೆ ಆಗಲ್ಲ ಎಂಬ ಮಾತು ಕಂಡರೆ ಸಾಕು, ಮುಚ್ಚಳ ಇಟ್ಟು ಸೊನ್ನೆ, ಮದ್ದಿನ ಮೊದಲಕ್ಷರ, ಹಳೇ ಸಿಸ್ಟರುಗಳು ಒಂದು ಮಾತು ಕೇಳಲಿಲ್ಲ, ಹೇಳಲಿಲ್ಲ, ಕೆಂಪು ಕಂಡರೆ ಒಳಗೆ ಹುಡುಕುತ್ತಿದ್ದರು, ಕೆಲವರು ಕಡತ ವಾಪಸು ಕೊಡುವಾಗ ಒಂದು ಹೊಸ ಕೆಂಪು ಪೆನ್ಸಿಲು ಒಳಗಿಟ್ಟು ಕೊಡುತ್ತಿದ್ದರು, ಯಾರು ಇಟ್ಟರೆಂದು ಅವಳೂ ಕೇಳಲಿಲ್ಲ. ಅವರೆಲ್ಲ ಒಬ್ಬೊಬ್ಬರಾಗಿ ನಿವೃತ್ತಿಯಾದರು. ಇನ್ನೂರ ಹದಿನಾರು ಸೊನ್ನೆ. ಲೆಕ್ಕ ತಲೆಯಲ್ಲಿದೆ, ಎಲ್ಲೂ ಬರೆದಿಟ್ಟಿಲ್ಲ. ತಂಗಿ ನಗುತ್ತಿದ್ದಳು, ನೀನೇ ಒಂದು ಕಡತ ಕಣೇ ಅಕ್ಕಾ, ಎಲ್ಲಾ ಇದೆ ಒಳಗೆ, ಧೂಳು ಒರೆಸೋರು ಮಾತ್ರ ಇಲ್ಲ — ತಂಗಿಗೆ ಮದ್ದಿನ ಹೆಸರು ಕೊನೆಗೂ ನಾಲಿಗೆಗೆ ಹತ್ತಲಿಲ್ಲ, ಪೆನ್ನು ಪೆನ್ನು ಅನ್ನುತ್ತಿದ್ದಳು, ಎಷ್ಟು ಸಲ ಹೇಳಿಕೊಟ್ಟರೂ, ನನಗ್ಯಾಕೆ ಬಿಡು, ನೀನು ಬರೆದಿಟ್ಟಿದೀಯಲ್ಲ.

ನೀನು ಬರೆದಿಟ್ಟಿದೀಯಲ್ಲ. ಪ್ರಯೋಗಾಲಯದವರು ಮಾತಾಡುತ್ತಿದ್ದಾರೆ ಈಗ, ಐದನೆಯವರು, ನಮ್ಮಲ್ಲಿ ಎರಡು ಕಡೆ ಎರಡು ಥರ ನಂಬರ್ ಇದೆ ಮೇಡಂ, ಒಂದೇ ಮನುಷ್ಯ ಎರಡು ಮನುಷ್ಯ ಆಗಿಬಿಡ್ತಾನೆ, ಹುಡುಗಿ ಹಲಗೆಯ ಮೇಲೆ ಬರೆಯುತ್ತಾಳೆ, ಫೈಲಮ್ಮನ ಎದುರಿಗೂ ಒಂದು ಅಚ್ಚಿನ ಹಾಳೆ ಇಟ್ಟಿದ್ದಾರೆ, ಚೌಕಗಳು, ಎಲ್ಲ ಖಾಲಿ. ಖಾಲಿ ಇದ್ದರೆ ಕಂಪ್ಯೂಟರಿಗೆ ಆಗುವುದಿಲ್ಲವಂತೆ. ಅದು ಅವಳಿಗೆ ಮೊನ್ನೆ ತಿಳಿದದ್ದು. ಹಳೇ ಹಾಳೆಯಲ್ಲಿ ಅಲರ್ಜಿ ಅನ್ನುವ ಕಡೆ ಖಾಲಿ ಇದ್ದರೆ ಯಾರೂ ಕೇಳಿಲ್ಲ ಎಂದು ಅರ್ಥ, ಅಷ್ಟೇ, ಆದರೆ ಟೈಪು ಮಾಡುವವರು ಮೊದಲ ಹಾಳೆ ನೋಡಿ ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗುವುದಿಲ್ಲ, ಏನಾದರೂ ಹಾಕು ಅನ್ನುತ್ತದೆ, ಸಾವಿರಾರು ಕಡತ, ದಿನಕ್ಕಿಷ್ಟು ಎಂದು ಗಡುವು, ಅದಕ್ಕೆ ಖಾಲಿಗೆಲ್ಲ ಒಟ್ಟಿಗೆ ಇಲ್ಲ ಎಂದು ಹಾಕಿಸಿಬಿಟ್ಟರು. ಅಲರ್ಜಿ, ಇಲ್ಲ. ನಿನ್ನೆ ಚಿಕ್ಕ ಸಿಸ್ಟರು ಕಡತದ ಕೋಣೆಗೆ ಇಳಿದು ಬಂದಿದ್ದಳು, ಸಮವಸ್ತ್ರ ಇರಲಿಲ್ಲ, ಮನೆಯ ಬಟ್ಟೆ, ಕೆಲಸದಿಂದ ದೂರ ಇಟ್ಟಿದ್ದಾರೆ ಅವಳನ್ನು, ಖಾಲಿ ಕಪಾಟುಗಳ ನಡುವೆ ನಿಂತು, ಅಮ್ಮಾ ನಾನು ಕೇಳ್ದೆ ಅಮ್ಮಾ, ಯಾವ ಮದ್ದಾದ್ರೂ ನಿಮಗೆ ಆಗಲ್ವಾ ಅಂತ ಕೇಳ್ದೆ, ಅವರು ನಗ್ತಾನೇ ಇದ್ರು, ಒಂದು ಆಗಲ್ಲ ಸಿಸ್ಟರ್, ಹೆಸ್ರು ನನಗೆ ಬರಲ್ಲ, ನಮ್ಮಕ್ಕ ಇಲ್ಲೇ ಕೆಳಗಡೆ ಇರೋದು, ಎಲ್ಲಾ ಬರೆದಿಟ್ಟಿದ್ದಾಳೆ, ಅದ್ರಲ್ಲಿ ನೋಡಿ, ಅಂದ್ರು, ನಾನು ನೋಡ್ದೆ, ಇಲ್ಲ ಅಂತಿತ್ತು ಅಮ್ಮಾ, ಎರಡು ಸಲ ನೋಡ್ದೆ, ಕೆಳಗೆ ಬಂದು ನಿಮ್ಮನ್ನ ಕೇಳ್ಬೇಕಿತ್ತು, ಹೊರಗೆ ಹದಿನೈದು ಜನ ಕಾಯ್ತಿದ್ರು. ಫೈಲಮ್ಮ ಕೈಯಲ್ಲಿದ್ದ ದಾರಕ್ಕೆ ಗಂಟು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಚಿಕ್ಕ ಸಿಸ್ಟರು ಮೆಟ್ಟಿಲು ಹತ್ತಿ ಹೋದಳು, ಒಂದು ಚಪ್ಪಲಿ ಸವೆದಿತ್ತು, ಟಪ್ ಎನ್ನುತ್ತಿತ್ತು, ಎಡಗಾಲಿನದ್ದು. ಹನ್ನೊಂದು ದಿನದ ಹಿಂದೆ ಅಂಗಾಲಿಗೆ ಮೊಳೆ ಚುಚ್ಚಿದ್ದು ತಂಗಿಗೂ ಎಡಗಾಲಿಗೇ. ಬ್ಯಾಂಡೇಜು ಕಟ್ಟಿಸಿಕೊಂಡು ಕೆಳಗೆ ಬರ್ತೀನಿ, ಡಬ್ಬಿ ತಂದಿದ್ದೀನಿ, ಒಟ್ಟಿಗೆ ಉಣ್ಣೋಣ, ಫೋನಿನಲ್ಲಿ ಅದೇ ಕೊನೆ ಮಾತು, ಆ ಸೂಜಿ ಚುಚ್ಚಿದ ಮೇಲೆ ತಂಗಿ ಏಳಲಿಲ್ಲ, ಡಬ್ಬಿ ಮನೆಯ ಅಡುಗೆ ಕಟ್ಟೆಯ ಮೇಲಿದೆ, ತೊಳೆದದ್ದು, ತೊಳೆದವಳು ತಾನೇ ಇರಬೇಕು, ನೆನಪಿಲ್ಲ.

ದೊಡ್ಡ ಡಾಕ್ಟರು, ಈಗಿನವರು, ಮೇಜಿನ ತಲೆಯಲ್ಲಿ ಕೂತವರು, ಗಡಿಯಾರ ನೋಡಿದರು. ಹೆಡ್ ಸಿಸ್ಟರ್ ಸರದಿ, ಏಳನೆಯವರು, ಅವರು ತಗ್ಗಿದ ದನಿಯಲ್ಲಿ, ಸರ್, ಆ ಇಂಜೆಕ್ಷನ್ ವಿಷಯ ಇದರಲ್ಲಿ ಸೇರಿಸ್ಬೇಕಲ್ವಾ, ಅಂದರು, ದೊಡ್ಡ ಡಾಕ್ಟರು ಕೈಯೆತ್ತಿ ತಡೆದರು, ಅದು ಬೇರೆ, ಅದು ಮಾಹಿತಿ ತಪ್ಪಲ್ಲ, ಕಂಪ್ಯೂಟರ್ ಸರಿಯಾಗೇ ಇದೆ, ಆ ಸಿಸ್ಟರ್ ಹುಡುಗಿ ಸರಿಯಾಗಿ ವಿಚಾರಿಸದೆ ಕೊಟ್ಟಳು, ಅವಳ ವಜಾ ಕಾಗದಕ್ಕೆ ಮಧ್ಯಾಹ್ನ ಸಹಿ ಹಾಕ್ತೀನಿ, ಮುಗೀತು — ಆಮೇಲೆ ಬಾಗಿಲ ಕಡೆ ಅವರ ಕಣ್ಣು ಬಂತು, ಕೆಂಪಾದರು, ಕ್ಷಮಿಸಿ ಫೈಲಮ್ಮ, ನೀವಿದೀರ ಅಂತ ಮರೆತೆ. ಪರವಾಗಿಲ್ಲ ಸಾರ್, ಅಂದಳು. ಪರವಾಗಿಲ್ಲವೇ, ಯಾರಿಗೆ, ಬಾಯಿ ತಾನಾಗಿ ಅನ್ನುತ್ತದೆ, ಮೂವತ್ತನಾಲ್ಕು ವರ್ಷದ ಅಭ್ಯಾಸ, ಸರಿ ಸಾರ್, ಆಯ್ತು ಸಾರ್, ಇಲ್ಲ ಸಾರ್. ಕುರ್ಚಿ ಮತ್ತೆ ಜಾರುತ್ತಿದೆ. ಮಧ್ಯಾಹ್ನ ಸಹಿ. ಸಹಿ ಬಿದ್ದರೆ ಆ ಹುಡುಗಿಯನ್ನು ಇನ್ನು ಯಾವ ಆಸ್ಪತ್ರೆಯೂ ಒಳಗೆ ಬಿಡುವುದಿಲ್ಲ. ಹೇಳಿದರೆ ಏನು ಕೇಳುತ್ತಾರೆ, ರಟ್ಟಿನ ಮೇಲೆ ಬರೆದವರು ಯಾರು, ಯಾರು ಬರೆ ಅಂದ್ರು, ಕೇಳಿದಾಗ ಇಲ್ಲ ಅಂದಿದ್ದು ಯಾಕೆ — ಇಲ್ಲ ಅಂದಿದ್ದು ಯಾಕೆ. ಯಂತ್ರದ ಬಾಯಿಗೆ ಯಾರೋ ಹಾಕಿದ್ದು ಒಂದು ಇಲ್ಲ, ಸ್ಕ್ಯಾನಿನವನ ಕೈಗೆ ತಾನು ಹಾಕಿದ್ದು ಒಂದು, ಎರಡರ ನಡುವೆ ತಂಗಿ ತೋಳು ಚಾಚಿಕೊಂಡು ನಗುತ್ತಾ ಕೂತಿದ್ದಳು, ಅದ್ರಲ್ಲಿ ನೋಡಿ. ಅಳು ಬರಬೇಕು ಇಂಥ ಕಡೆ. ಬರುವುದಿಲ್ಲ. ಎದೆಯೊಳಗೆ ಖಾಲಿ ಕಪಾಟು ಮಾತ್ರ, ತಟ್ಟಿದರೆ ಡಣ್ ಅನ್ನುವ ತಗಡಿನ ಕಪಾಟು. ಲಾರಿಯ ಮೇಲೆ ಅರ್ಧಕ್ಕಿಂತ ಹೆಚ್ಚು ತುಂಬಿದೆ, ಒಬ್ಬ ಹಗ್ಗ ಹುಡುಕುತ್ತಿದ್ದಾನೆ. ಇನ್ನೂರ ಹದಿನೈದು ಜನ ಇನ್ನೂ ಓಡಾಡಿಕೊಂಡಿದ್ದಾರೆ ಎಲ್ಲೆಲ್ಲೋ, ಬಸ್ಸು ಹತ್ತುತ್ತಾ, ಬಟ್ಟೆ ಒಣಗಿಸುತ್ತಾ, ಒಬ್ಬೊಬ್ಬರ ಮೇಲೂ ಇಲ್ಲ ಎಂದು ಬರೆದಿದೆ, ಔಷಧಿ ಕೋಣೆಯವನ ತಾಯಿ ತಿಂಗಳಿಗೊಮ್ಮೆ ಬರುತ್ತಾರೆ, ಮೊಣಕಾಲು ನೋವು, ಏನೇ ಫೈಲೂ ಎಂದು ಕೂಗಿ ಕೆಳಗಿಣುಕಿ ಹೋಗುತ್ತಾರೆ, ಅವರಿಗೆ ಸಲ್ಫಾ ಆಗಲ್ಲ, ಸ ಎಂದು ಬರೆದ ಸೊನ್ನೆ, ಚೆನ್ನಾಗಿ ಕೂಡಿದೆ. ಎಲ್ಲವೂ ಕೂಡಿವೆ. ಒಂದೇ ಒಂದು ಬಿಟ್ಟು.

ಫೈಲಮ್ಮ, ಅಂದಳು ಹುಡುಗಿ. ಬಟ್ಟೆಯ ಬೂಟು ಶಬ್ದ ಮಾಡದೆ ಹತ್ತಿರ ಬಂದಿದೆ, ಬಾಗಿದ್ದಾಳೆ, ಬೇರೆಯವರಿಗಿಂತ ಮೆಲ್ಲಗೆ ಕೇಳುತ್ತಾಳೆ, ನೀವು ಎಲ್ಲರಿಗಿಂತ ಹಳಬರಂತೆ, ಕೊನೆಗೆ ನಿಮ್ಮನ್ನ ಕೇಳೋಣ ಅಂತ ಬಿಟ್ಟಿದ್ದೆ, ಕಂಪ್ಯೂಟರಿನಲ್ಲಿ ಇಲ್ಲದ್ದು ನಿಮ್ಮ ಹತ್ರ ಏನಾದ್ರೂ ಇದೆಯಾ? ಔಷಧಿ ಕೋಣೆಯವನು ಆಗಲೇ ಹಾಳೆ ಜೋಡಿಸಿಕೊಳ್ಳುತ್ತಿದ್ದಾನೆ, ಅವರತ್ರ ಏನಿರುತ್ತೆ ಮೇಡಂ, ಅವರನ್ನೇ ಸ್ಕ್ಯಾನ್ ಮಾಡ್ಬೇಕಿತ್ತು ನೀವು, ಯಾರೋ ಕಿಸಕ್ ಅಂದರು. ನಾಲಿಗೆಯ ತುದಿಗೆ ಇಲ್ಲ ಬಂದು ಕೂತಿದೆ, ಅದರ ಜಾಗವೇ ಅದು, ಹಲ್ಲಿನ ಹಿಂದೆ, ಬೆಚ್ಚಗೆ. ಲಾರಿಯವನಿಗೆ ಹಗ್ಗ ಸಿಕ್ಕಿತು. ಇದೆ, ಅಂದಳು. ತನ್ನದೇ ದನಿಯೇ ಇದು, ಇಷ್ಟು ಗಟ್ಟಿಯೇ. ಇದೆ ಕಣಮ್ಮಾ. ಮೊದ್ಲು ಆ ಲಾರಿ ನಿಲ್ಲಿಸಿ ಯಾರಾದ್ರೂ. ಯಾರೂ ಏಳಲಿಲ್ಲ, ದೊಡ್ಡ ಡಾಕ್ಟರು, ಏನಿದೆ ಫೈಲಮ್ಮ, ಲಾರಿ ಯಾಕೆ, ಅಂದರು, ಸಾರ್, ಸಿಸ್ಟರ್ ಕೇಳಿದ್ದಳು, ತಪ್ಪು ಅವಳದ್ದಲ್ಲ, ನಿಲ್ಲಿಸಿ ಸಾರ್ ಮೊದ್ಲು, ಅಂದಳು, ಹೆಡ್ ಸಿಸ್ಟರ್ ಅವಳ ಮುಖವನ್ನೇ ನೋಡುತ್ತಿದ್ದವರು ಕುರ್ಚಿ ತಳ್ಳಿ ಎದ್ದರು, ಬಾಗಿಲು ತೆರೆದುಕೊಂಡಿತು, ಅವರ ಹೆಜ್ಜೆ ಮೆಟ್ಟಿಲ ಮೇಲೆ ದಡದಡ. ಏನಿದೆ, ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ, ಬಾಯಲ್ಲಿ ಹೇಳಲು ಉದ್ದವಿದೆ ಅದು, ಮೂವತ್ತು ವರ್ಷ ಉದ್ದ, ಚೀಲದಲ್ಲಿ ಕೈಯಾಡಿಸಿದರೆ ಮುಚ್ಚಳ ಸಿಕ್ಕಿತು, ಅಂಚಿಗೆ ಗೋಂದು ಒಣಗಿ ಗಟ್ಟಿಯಾದ ಅದೇ ಮುಚ್ಚಳ, ಬೆರಳುದ್ದದ ಕೆಂಪು ಪೆನ್ಸಿಲೂ, ಅಚ್ಚಿನ ಹಾಳೆಯ ಖಾಲಿ ಚೌಕದ ಮೇಲೆ ಇಟ್ಟು ಒತ್ತಿ ಹಿಡಿದಳು, ಸುತ್ತಿಸಿದಳು, ಪೆನ್ಸಿಲು ಮೆಲ್ಲಗೆ ಹತ್ತಿತು, ಇಳಿಯಿತು, ಕುರ್ಚಿ ಹಿಂದಕ್ಕೆ ಜಾರುತ್ತಿದೆ, ಅವಳು ಬಿಟ್ಟಳು, ಕೈ ಮಾತ್ರ ಮೇಜಿನ ಮೇಲೆ ಉಳಿದಿದೆ, ಸುತ್ತು ಮುಗಿಯುವ ಕಡೆ ಬಂದು ನಿಂತಿದೆ, ಇನ್ನು ಅಕ್ಕಿಕಾಳಿನಷ್ಟು, ಮೊನೆ ಮುರಿದಿಲ್ಲ, ಎಳೆದರೆ ಕೂಡುತ್ತದೆ — ಎಲ್ಲೋ ಆ ಕಟ್ಟುಗಳ ನಡುವೆ, ಕೆಳಗೋ, ಮೇಲೋ, ಒಂದು ರಟ್ಟಿನ ಮೂಲೆಯಲ್ಲಿ, ಕೆಂಪು ಸೊನ್ನೆ, ಒಳಗೆ ಮೊಂಡು ಮೊನೆಯ ಪೆ, ಕೆಳಗಡೆ ಕೂಡದೆ ಉಳಿದದ್ದು, ಅಕ್ಕಿಕಾಳಿನಷ್ಟು, ಅಷ್ಟೇ ಅಷ್ಟು