ಹಿಂದಿನ ಸೀಟಿನ ವಾಸನೆ

ಮೆಕ್ಯಾನಿಕ್ ಸೆಫನಾಯಾ ಕೈಯಿಟ್ಟ ಕೆಲಸ ಕೆಡುವುದಿಲ್ಲ ಎಂದು ರಕಿರಕಿ ಊರಿನವರೆಲ್ಲ ನಂಬಿದ್ದರು. ಅಪಿಸಾಯಿಯ ಕಾರಿನ ಟ್ಯಾಂಕಿಗೆ ಹೊಸ ಪೆಟ್ರೋಲ್ ಪಂಪ್ ಕೂರಿಸಿದ ದಿನವೂ ಅವನು ಎಚ್ಚರ ತಪ್ಪಿರಲಿಲ್ಲ. ಕಾರನ್ನು ಬಯಲಿಗೆ ತಳ್ಳಿಸಿದ, ಬ್ಯಾಟರಿಯ ತಂತಿ ಕಳಚಿದ, ಬಾಗಿಲುಗಳನ್ನೆಲ್ಲ ತೆರೆದಿಟ್ಟ, ಹೊಗೆಸೊಪ್ಪು ಸೇದುತ್ತ ಬಂದವನನ್ನು ಗದರಿಸಿ ಅಟ್ಟಿದ. ಟ್ಯಾಂಕಿನ ಮೇಲಿದ್ದ ಹಿಂದಿನ ಸೀಟು ಎತ್ತಿ, ಹಳೆಯ ಪಂಪ್ ತೆಗೆದು ಹೊಸದನ್ನು ಇಳಿಸಿದ. ಪೆಟ್ರೋಲ್ ಸೋರದಂತೆ ಟ್ಯಾಂಕಿನ ಬಾಯಿಗೆ ಹಾಕುವ ಹೊಸ ರಬ್ಬರ್ ರಿಂಗ್ ಮಾತ್ರ ಕೈಯಲ್ಲೇ ಹರಿದುಹೋಯಿತು. ಇನ್ನೊಂದು ಬೇಕೆಂದರೆ ತವುವಾ ಪೇಟೆಗೆ ಹೋಗಬೇಕು. ಮೈದಾನದಲ್ಲಿ ಊರ ತಂಡದ ರಗ್ಬಿ ಆಟ ಶುರುವಾಗುವುದರಲ್ಲಿತ್ತು. ಹಳೆಯ ರಿಂಗನ್ನೇ ಒರೆಸಿ ಹಾಕಿ, ಮುಚ್ಚಳ ಬಿಗಿದು ಓಡಿದ.

ಅಪಿಸಾಯಿ ಸೆಫನಾಯಾನ ಸೋದರಮಾವನ ಮಗ. ಮೂತ್ರಪಿಂಡ ಕೆಟ್ಟವನು. ಹೆಂಡತಿ ವಿಲಿಮೈನಾ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಡಯಾಲಿಸಿಸ್‌ಗೆಂದು ಲೌಟೋಕಾದ ಆಸ್ಪತ್ರೆಗೆ ತಾನೇ ಕಾರು ಓಡಿಸಿ ಹೋಗಿಬರುತ್ತಿದ್ದಳು.

"ತಮ್ಮಾ, ಕಾರಲ್ಲಿ ಪೆಟ್ರೋಲ್ ವಾಸ್ನೆ ಬರ್ತಿದ್ಯಲ್ಲೋ," ಎಂದು ಒಮ್ಮೆ ಅವಳು ಕೇಳಿದಳು.

"ಹೊಸ ಸಾಮಾನಲ್ವಾ ಅಕ್ಕ, ಸ್ವಲ್ಪ ದಿನ ಹಾಗೇ ಇರುತ್ತೆ."

ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದು ಅವನಿಗೇ ಹೆದರಿಕೆಯಾಯಿತು. ನಾಳೆ ರಿಂಗ್ ತಂದು ಹಾಕಿದರಾಯಿತು ಅಂದುಕೊಂಡ. ಆ ನಾಳೆ ಬರಲೇ ಇಲ್ಲ.

ಭಾನುವಾರ ಚರ್ಚಿನ ಅಂಗಳದಲ್ಲಿ ವಿಲಿಮೈನಾ ಯಾರಿಗೋ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು: "ಇವ್ರಿಗೆ ದಾರೀಲೆಲ್ಲ ವಾಂತಿ, ತಲೆನೋವು. ಡಾಕ್ಟ್ರು ಔಷಧಿ ಬದಲಾಯ್ಸಿದ್ರೂ ನಿಲ್ಲಲಿಲ್ಲ. ಬದ್ಕೋ ಆಸೇನೇ ಬಿಟ್ಟಿದ್ದೀರಾ ಅಂತ ನಾನೂ ಬೈದೆ."

ಅದೆಲ್ಲ ಆ ಪೆಟ್ರೋಲ್ ವಾಸನೆಯಿಂದಲೇ ಎಂದು ಸೆಫನಾಯಾನಿಗೆ ಹೊಳೆಯಿತು. ಅಲ್ಲೇ ಹೇಳಬೇಕಿತ್ತು, ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ಮರುದಿನ ತವುವಾದ ಅಂಗಡಿ ತೆರೆಯುವುದನ್ನೇ ಕಾದು ರಿಂಗ್ ಕೊಂಡ. ಅಲ್ಲೇ ರಸ್ತೆಬದಿ ನಿಂತು, ಲೌಟೋಕಾಕ್ಕೆ ಹೊರಟಿದ್ದ ಅವರ ಕಾರಿಗೆ ಕೈ ಅಡ್ಡ ಮಾಡಿದ.

ಅಪಿಸಾಯಿಯನ್ನು ಇಳಿಸಿ ನೆರಳಲ್ಲಿ ಕೂರಿಸಿ, ಸೀಟು ಎತ್ತಿದರೆ ಕೆಳಗಿನ ಹಾಸು ಪೆಟ್ರೋಲಿನಲ್ಲಿ ನೆನೆದಿತ್ತು.

"ಆಟ ನೋಡೋ ಆತುರಕ್ಕೆ ಹಳೇ ರಿಂಗ್ ಹಾಕಿದ್ದೆ ಅಕ್ಕ. ನೀವು ಕೇಳ್ದಾಗ ಸುಳ್ಳೂ ಹೇಳ್ದೆ. ಭಾವಂಗೆ ವಾಂತಿ ಆಗ್ತಿದ್ದಿದ್ದು ಇದ್ರಿಂದ್ಲೇ."

ವಿಲಿಮೈನಾ ಅವನತ್ತ ನೋಡಲಿಲ್ಲ. ಗಂಡನ ಊದಿದ ಕೈ ಹಿಡಿದು, "ಸುಮ್ಸುಮ್ನೆ ನಿಮ್ಗೆ ಬೈದ್ನಲ್ರೀ," ಎಂದಳು.

ಅಪಿಸಾಯಿ ಸೆಫನಾಯಾನ ಕಡೆ ತಿರುಗಿದ. "ಆವತ್ತಿನ ಆಟ ನಿಮ್ಮವ್ರು ಗೆದ್ರೇನೋ?"

"ಇಲ್ಲ ಭಾವ, ಸೋತ್ರು."

"ಸೋಲ್ಲಿ ಬಿಡು! ನಿಮ್ಮ ಆಟಕ್ಕೆ ಕಾರಿಗೆ ಬೆಂಕಿ ಹತ್ತಿ ನಾನು ಸುಟ್ಟ ಹಂದಿ ಆಗ್ತಿದ್ದೆ," ಎಂದು ಅಪಿಸಾಯಿ ನಕ್ಕ.

ಆ ನಗು ಸೆಫನಾಯಾನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಬ್ಯಾಟರಿಯ ತಂತಿ ಕಳಚಿದ, ನೆನೆದ ಹಾಸನ್ನು ದೂರ ಎಸೆದ, ಗಾಳಿಯಾಡಲು ಬಿಟ್ಟ. ಟ್ಯಾಂಕಿನ ಬಾಯಿ ಶುಚಿಮಾಡಿ ಹೊಸ ರಿಂಗ್ ಕೂರಿಸಿದ. ತಂತಿ ಮತ್ತೆ ಸೇರಿಸಿ ಇಂಜಿನ್ ಓಡಿಸಿ, ರಿಂಗಿನ ಸುತ್ತ ಬೆರಳಾಡಿಸಿ ನೋಡಿದ. ಒಂದು ಹನಿಯೂ ಜಿನುಗಲಿಲ್ಲ.

"ಇವ್ರು ಮುಂದೆ ಕೂತ್ಕೋತಾರೆ," ಎಂದಳು ವಿಲಿಮೈನಾ. "ನೀನು ಹಿಂದೆ ಕೂತ್ಕೊಂಡು ಬಾ, ಲೌಟೋಕಾವರ್ಗೂ."

ಸೆಫನಾಯಾ ಹಿಂದೆ ಹತ್ತಿದ. ಕಿಟಕಿಗಳೆಲ್ಲ ತೆರೆದಿದ್ದರೂ ಸೀಟಿಗೆ ಹಿಡಿದ ವಾಸನೆ ಬಿಟ್ಟಿರಲಿಲ್ಲ. ಕಬ್ಬಿನ ಗದ್ದೆಗಳು ಹಿಂದೆ ಸರಿಯುತ್ತಿದ್ದಂತೆ ತಲೆ ಸಿಡಿಯತೊಡಗಿತು. ಮುಂದೆ ಅಪಿಸಾಯಿ ಗಾಳಿಗೆ ಮುಖವೊಡ್ಡಿ ನಿದ್ದೆಹೋಗಿದ್ದ. ದಾರಿಯುದ್ದಕ್ಕೂ ಅವನಿಗೆ ಒಮ್ಮೆಯೂ ವಾಂತಿಯಾಗಲಿಲ್ಲ. ಅದನ್ನು ಕಂಡಷ್ಟೂ ಸೆಫನಾಯಾನ ಎದೆ ಭಾರವಾಗುತ್ತಲೇ ಹೋಯಿತು.